ಶಾಲಾ ಗಣಿತ ಪರೀಕ್ಷೆಗಳ ಸುಧಾರಣೆ

ಶಾಲಾ ಗಣಿತ ಪರೀಕ್ಷೆಗಳ ಸುಧಾರಣೆ: ಶಾಲೆ ಬಿಡುವ ಹೊತ್ತಿಗೆ ಮಗು ಎಷ್ಟು ಗಣಿತ ಕಲಿತಿದೆ ಎಂದು ಅಳೆಯುವ ಪರೀಕ್ಷೆ, ಅದರ ಪ್ರಶ್ನೆಪತ್ರಿಕೆಯ ಸ್ವರೂಪ, ಅದರ ಆಧಾರದ ಮೇಲೆ ಕೊಡುವ ಪ್ರಮಾಣಪತ್ರ ಇವುಗಳನ್ನು ಬದಲಿಸಲು ನಾನಾ ದೇಶಗಳಲ್ಲಿ ನಡೆದಿರುವ ಯತ್ನಗಳು. ಪರೀಕ್ಷೆಗಳನ್ನು ತಿದ್ದುವ ಮಾತು ಎಲ್ಲ ವಿಷಯಗಳಲ್ಲೂ ಉಂಟು. ಗಣಿತದಲ್ಲಿ ಮಾತ್ರ ಅದು ಮತ್ತೆ ಮತ್ತೆ ಬಿಸಿಯೇರುತ್ತದೆ. ಮುಂದೆ ಎಂಜಿನಿಯರಿಂಗಿಗೆ ಹೋಗಬಲ್ಲವರು ಯಾರು, ಹತ್ತನೆಯ ತರಗತಿಗೇ ಓದು ನಿಲ್ಲಿಸಬೇಕಾದವರು ಯಾರು ಎಂಬೆರಡನ್ನೂ ಬಹುಮಟ್ಟಿಗೆ ಒಂದೇ ಪತ್ರಿಕೆ ತೀರ್ಮಾನಿಸುವುದು ಇದಕ್ಕೆ ಕಾರಣ. ಹೀಗಾಗಿ ಸುಧಾರಣೆಯ ಚರ್ಚೆಯೆಲ್ಲ ಎರಡು ಪ್ರಶ್ನೆಗಳ ಸುತ್ತ ತಿರುಗುತ್ತದೆ. ಎಲ್ಲ ಮಕ್ಕಳೂ ಒಂದೇ ಗಣಿತವನ್ನು ಪಾಸು ಮಾಡಬೇಕೆ? ಪತ್ರಿಕೆ ಅವರನ್ನು ಏನು ಕೇಳಬೇಕು? ಮೊದಲ ಪ್ರಶ್ನೆಗೆ ಸರ್ಕಾರಗಳು ಹಲವು ಬಗೆಯ ಉತ್ತರ ಕೊಟ್ಟಿವೆ. ಎರಡನೆಯದನ್ನು ಕೈಗೆತ್ತಿಕೊಂಡವರು ಕಡಿಮೆ, ಆದರೆ ತರಗತಿಯಲ್ಲಿ ಕಲಿಕೆ ಬದಲಾಗುವುದು ಅದರಿಂದಲೇ.

ಶಾಸ್ತ್ರಗಣಿತ ಮತ್ತು ವ್ಯವಹಾರಗಣಿತ

ಬದುಕಿಗೆ ಬೇಕಾದ ಲೆಕ್ಕ ಬೇರೆ, ಶಾಸ್ತ್ರವಾಗಿ ಕಲಿಯುವ ಗಣಿತ ಬೇರೆ ಎಂಬ ಅರಿವು ಹಳೆಯದು. ಕನ್ನಡದಲ್ಲಿ ಗಣಿತ ಬರೆದ ಮೊದಲಿಗನೆಂದು ಹೆಸರಾದ ರಾಜಾದಿತ್ಯ 12ನೆಯ ಶತಮಾನದಲ್ಲಿ ತನ್ನ ಕೃತಿಗೆ ‘ವ್ಯವಹಾರಗಣಿತ’ ಎಂದೇ ಹೆಸರಿಟ್ಟ. ಹೊಲ-ನೆಲದ ಅಳತೆಗೆ ‘ಕ್ಷೇತ್ರಗಣಿತ’ವನ್ನು ಬೇರೆಯಾಗಿ ಬರೆದ. ಕೂಲಿಮಠಗಳಲ್ಲಿ ಮರಳ ಮೇಲೆ ಅಕ್ಷರ ತಿದ್ದಿದ ಮಕ್ಕಳು ಒಂದರ ಮಗ್ಗಿ, ಎರಡರ ಮಗ್ಗಿಗಳ ಜೊತೆಗೆ ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನೂ ಬಾಯಿಪಾಠ ಮಾಡುತ್ತಿದ್ದರು. ಪಾವು, ಸೇರು, ಬಳ್ಳ, ಖಂಡುಗಗಳಲ್ಲಿ ಅಳೆದು ಆಣೆಗಳಲ್ಲಿ ದುಡ್ಡು ಎಣಿಸುವ ಊರಿನಲ್ಲಿ ಮುಕ್ಕಾಲರ ಮಗ್ಗಿ ಬಾರದವನಿಗೆ ಸಂತೆಯಲ್ಲಿ ನಷ್ಟ ಕಟ್ಟಿಟ್ಟದ್ದು. 1957ರಲ್ಲಿ ದಶಮಾನ ನಾಣ್ಯ ಬಂದ ಮೇಲೆ ಆ ಮಗ್ಗಿಗಳು ಮೆಲ್ಲಗೆ ಮರೆಯಾದವು. ಅವುಗಳ ಜಾಗಕ್ಕೆ ಸಮನಾದ ಬೇರೊಂದು ವ್ಯವಹಾರದ ಲೆಕ್ಕ ಶಾಲೆಯಲ್ಲಿ ಗಟ್ಟಿಯಾಗಿ ನೆಲೆಯೂರಲಿಲ್ಲ.

ಇಂಗ್ಲಿಷ್‌ನಲ್ಲಿ ‘ನ್ಯೂಮರಸಿ’ ಎಂಬ ಮಾತನ್ನು ಬಳಕೆಗೆ ತಂದದ್ದು 1959ರ ಕ್ರೌದರ್ ವರದಿ. ಅಕ್ಷರಜ್ಞಾನಕ್ಕೆ ಜೋಡಿಯಾಗಿ ಸಂಖ್ಯಾಜ್ಞಾನ ಎಂಬ ಅರ್ಥದಲ್ಲಿ ಅದನ್ನು ರೂಪಿಸಲಾಯಿತು. ಅಂಕಿಅಂಶಗಳನ್ನು ತೂಗಿ ನೋಡುವ, ವಿಜ್ಞಾನದ ರೀತಿಯಲ್ಲಿ ಯೋಚಿಸುವ ಶಕ್ತಿಯೂ ಆ ವರದಿಯ ಪ್ರಕಾರ ಅದರೊಳಗೆ ಸೇರಿತ್ತು. ಮುಂದೆ ಬಳಕೆಯಲ್ಲಿ ಅರ್ಥ ಸೊರಗಿ ಕೂಡಿಸು, ಕಳೆ ಎಂಬಷ್ಟಕ್ಕೆ ಇಳಿಯಿತು. ಈಗ ಕರ್ನಾಟಕದ ಶಿಕ್ಷಣ ಇಲಾಖೆಯ ಕಾಗದಪತ್ರಗಳಲ್ಲಿ ‘ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ’ ಎಂಬ ಜೋಡಿಪದ ರೂಢಿಯಲ್ಲಿದೆ.

ಶಾಲೆಯ ಗಣಿತಕ್ಕೂ ಬೀದಿಯ ಗಣಿತಕ್ಕೂ ಇರುವ ಬಿರುಕನ್ನು ಕಣ್ಣಿಗೆ ಕಟ್ಟುವಂತೆ ತೋರಿಸಿದ ಅಧ್ಯಯನ ಬ್ರೆಜಿಲ್ ದೇಶದ ರೆಸಿಫೆ ನಗರದ್ದು. ಕರಾಹರ್ ದಂಪತಿ ಮತ್ತು ಶ್ಲೀಮನ್ 1985ರಲ್ಲಿ ಪ್ರಕಟಿಸಿದ ಈ ಅಧ್ಯಯನದಲ್ಲಿ ಬೀದಿಬದಿ ಮಾರುವ ಐವರು ಮಕ್ಕಳಿದ್ದರು. ತೆಂಗಿನಕಾಯಿ ಮಾರುವ ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಒಂದಕ್ಕೆ 35ರಂತೆ ನಾಲ್ಕು ಕಾಯಿಗೆ ಎಷ್ಟೆಂದು ಕೇಳಿದರು. ಮೂರು ಕಾಯಿಗೆ 105 ಎಂಬುದು ಅವನಿಗೆ ರೂಢಿ. ಅದಕ್ಕೆ 30 ಸೇರಿಸಿದ, ಮತ್ತೆ 5 ಸೇರಿಸಿದ, 140 ಅಂದ. ಅದೇ ಹುಡುಗನಿಗೆ ಕಾಗದ ಕೊಟ್ಟು 35ನ್ನು 4ರಿಂದ ಗುಣಿಸು ಎಂದಾಗ ನಾಲ್ಕೈದಲೆ ಇಪ್ಪತ್ತು, ಕೈಯಲ್ಲಿ ಎರಡು ಎಂದ. ಆ ಎರಡನ್ನು ಮೂರಕ್ಕೆ ಕೂಡಿಸಿ ಐದು ಮಾಡಿ, ನಾಲ್ಕೈದಲೆ ಇಪ್ಪತ್ತು ಎಂದು 200 ಬರೆದ. ನಾಲ್ಕು ಕಾಯಿಗೆ 200 ಎಂದು ಗಿರಾಕಿಗೆ ಹೇಳಿದ್ದರೆ ಅವನೇ ನಕ್ಕುಬಿಡುತ್ತಿದ್ದನೇನೋ. ಕಾಗದದ ಮೇಲೆ ಅದು ತಪ್ಪೆಂದು ಅವನಿಗೆ ಅನಿಸಲೇ ಇಲ್ಲ. ಅಂಗಡಿಯ ಲೆಕ್ಕದಲ್ಲಿ ಆ ಮಕ್ಕಳು ನೂರಕ್ಕೆ 98ರಷ್ಟು ಸರಿಯುತ್ತರ ಕೊಟ್ಟರೆ ಬರಿಯ ಅಂಕಿಗಳ ಲೆಕ್ಕದಲ್ಲಿ 37ಕ್ಕೆ ಇಳಿದರು.

ನಲವತ್ತು ವರ್ಷಗಳ ನಂತರ, 2025ರಲ್ಲಿ, ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ, ಎಲಿಜಬೆತ್ ಸ್ಪೆಲ್ಕಿ ಮತ್ತಿತರರು ‘ನೇಚರ್’ ಪತ್ರಿಕೆಯಲ್ಲಿ ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಸಿದ ಇಂಥದೇ ಅಧ್ಯಯನವನ್ನು ಪ್ರಕಟಿಸಿದರು. ಮಾರುಕಟ್ಟೆಯಲ್ಲಿ ದುಡಿಯುವ ಮಕ್ಕಳು ತೂಕ, ದರ, ಚಿಲ್ಲರೆಯ ತೊಡಕಿನ ಲೆಕ್ಕಗಳನ್ನು ಬಾಯಲ್ಲೇ ಮಾಡಿ ಮುಗಿಸಿದರು, ಶಾಲೆಯ ರೀತಿಯ ಸರಳ ಭಾಗಾಕಾರದಲ್ಲಿ ಎಡವಿದರು. ಶಾಲೆಗೆ ಮಾತ್ರ ಹೋಗುವ ಮಕ್ಕಳದು ಇದರ ತಿರುಗುಮುರುಗು. ಎರಡೂ ಕಡೆಯ ಮಕ್ಕಳಲ್ಲಿ ಬುದ್ಧಿಗೆ ಕೊರತೆ ಇರಲಿಲ್ಲ. ಒಂದರಿಂದ ಇನ್ನೊಂದಕ್ಕೆ ದಾಟುವ ಸೇತುವೆ ಇರಲಿಲ್ಲ. ಸುಧಾರಣೆಯ ಹೆಸರಿನಲ್ಲಿ ಏನೇ ಮಾಡಿದರೂ ಆ ಸೇತುವೆ ಕಟ್ಟುತ್ತದೆಯೇ ಎಂದು ನೋಡಬೇಕಾದ್ದು ಇದರಿಂದಾಗಿಯೇ.

ಇಂಗ್ಲೆಂಡ್ ಮತ್ತು ವೇಲ್ಸ್

ಗಣಿತದ ಶಾಲಾಂತ್ಯ ಪರೀಕ್ಷೆಯನ್ನು ಪದೇಪದೇ ಒಡೆದು ಕಟ್ಟಿದ ದೇಶಗಳಲ್ಲಿ ಇಂಗ್ಲೆಂಡಿನ ಅನುಭವ ಹೆಚ್ಚು ಪಾಠ ಕಲಿಸುವಂಥದು. ಅಲ್ಲಿ 1951ರಿಂದ ಓದಿನಲ್ಲಿ ಮುಂದಿದ್ದವರಿಗೆ ‘ಓ ಲೆವೆಲ್’ ಇತ್ತು; 1965ರಿಂದ ಉಳಿದವರಿಗೆ ಸಿಎಸ್‌ಇ ಎಂಬ ಇನ್ನೊಂದು ಪರೀಕ್ಷೆ ಬಂತು. 1978ರಲ್ಲಿ ನೇಮಕವಾಗಿ 1982ರಲ್ಲಿ ವರದಿ ಕೊಟ್ಟ ಕಾಕ್‌ಕ್ರಾಫ್ಟ್ ಸಮಿತಿ ಎರಡು ಕಟುಸತ್ಯಗಳನ್ನು ಮುಂದಿಟ್ಟಿತು. ಹನ್ನೊಂದು ವಯಸ್ಸಿನ ಒಂದೇ ತರಗತಿಯ ಮಕ್ಕಳ ನಡುವೆ ಗಣಿತದ ತಿಳಿವಳಿಕೆಯಲ್ಲಿ ಏಳು ವರ್ಷಗಳ ಅಂತರ ಇರಬಲ್ಲದು ಎಂಬುದು ಒಂದು. ನಡುಮಟ್ಟದ ವಿದ್ಯಾರ್ಥಿ ಪತ್ರಿಕೆಯ ಮೂರನೆಯ ಒಂದು ಭಾಗದಷ್ಟು ಅಂಕ ಪಡೆದು ಹೊರಬರುತ್ತಾನೆ ಎಂಬುದು ಇನ್ನೊಂದು. ಅಂದರೆ ಆ ಪರೀಕ್ಷೆ ಅವನಿಗೆ ಏನು ಗೊತ್ತು ಎಂಬುದಕ್ಕಿಂತ ಏನು ಗೊತ್ತಿಲ್ಲ ಎಂಬುದನ್ನೇ ಮೂರು ಗಂಟೆ ಹೊತ್ತು ಸಾರಿ ಹೇಳುತ್ತಿತ್ತು. ಮಗುವಿಗೆ ತಿಳಿದದ್ದನ್ನು ತೋರಿಸಲು ಅವಕಾಶ ಕೊಡುವ ಪತ್ರಿಕೆ ಬೇಕು ಎಂದು ಸಮಿತಿ ಹೇಳಿದ ಮಾತು ಇಂದಿಗೂ ಹಳತಾಗಿಲ್ಲ.

ಎರಡು ಪರೀಕ್ಷೆಗಳನ್ನೂ ಕೂಡಿಸಿ ಜಿಸಿಎಸ್‌ಇ ಎಂಬ ಒಂದೇ ಪರೀಕ್ಷೆ ಮಾಡಿ 1988ರಲ್ಲಿ ಮೊದಲ ಬಾರಿಗೆ ನಡೆಸಿದರು. ಹೆಸರು ಒಂದಾದರೂ ಒಳಗೆ ಮೂರು ಮೆಟ್ಟಿಲುಗಳಿದ್ದವು. ಕೆಳಗಿನ ಮೆಟ್ಟಿಲಿನ ಪತ್ರಿಕೆ ಬರೆದವರಿಗೆ ಎಷ್ಟೇ ಚೆನ್ನಾಗಿ ಬರೆದರೂ ‘ಡಿ’ಗಿಂತ ಮೇಲಿನ ದರ್ಜೆ ಸಿಗುತ್ತಿರಲಿಲ್ಲ, ಕೆಲಸಕ್ಕೂ ಮುಂದಿನ ಓದಿಗೂ ಬೇಕಾದದ್ದು ‘ಸಿ’. ಹದಿನಾಲ್ಕು ವಯಸ್ಸಿಗೇ ಶಿಕ್ಷಕರು ಆ ಮೆಟ್ಟಿಲಿಗೆ ಸೇರಿಸಿದ ಮಗುವಿನ ಬಾಗಿಲು ಅಲ್ಲೇ ಮುಚ್ಚುತ್ತಿತ್ತು. ಈ ಅನ್ಯಾಯ ಸರಿಹೋಗಲು ಇಪ್ಪತ್ತು ವರ್ಷ ಹಿಡಿಯಿತು. 2006ರಿಂದ ಎರಡೇ ಮೆಟ್ಟಿಲು ಇಟ್ಟು, ಕೆಳಗಿನದರಿಂದಲೂ ‘ಸಿ’ ಪಡೆಯುವಂತೆ ಮಾಡಿದರು. 2017ರಿಂದ ಅಕ್ಷರದ ದರ್ಜೆಗಳು ಹೋಗಿ 9ರಿಂದ 1ರವರೆಗಿನ ಅಂಕಿಯ ದರ್ಜೆಗಳು ಬಂದವು. ಈಗ ಗಣಿತಕ್ಕೆ ತಲಾ ಒಂದೂವರೆ ಗಂಟೆಯ, 80 ಅಂಕದ ಮೂರು ಪತ್ರಿಕೆ. ಮೊದಲನೆಯದರಲ್ಲಿ ಕ್ಯಾಲ್ಕುಲೇಟರ್ ಬಳಸುವಂತಿಲ್ಲ.

ಅದೇ ಸುಮಾರಿಗೆ ತಂದ ಇನ್ನೊಂದು ನಿಯಮ ಹೊಸ ಗಾಯ ಮಾಡಿತು. ಹದಿನಾರಕ್ಕೆ ಗಣಿತದಲ್ಲಿ ಬೇಕಾದ ದರ್ಜೆ ತಪ್ಪಿದವರು ಹದಿನೆಂಟರವರೆಗೆ ಗಣಿತ ಓದುತ್ತಲೇ ಇರಬೇಕು. ಸ್ವಲ್ಪದರಲ್ಲಿ ತಪ್ಪಿದವರು ಜಿಸಿಎಸ್‌ಇಯನ್ನೇ ಮರಳಿ ಬರೆಯಬೇಕು. ಉದ್ದೇಶ ಒಳ್ಳೆಯದೇ. ಆದರೆ 2024ರಲ್ಲಿ ಹದಿನೇಳು ದಾಟಿದ ಮೇಲೆ ಗಣಿತ ಬರೆದವರಲ್ಲಿ ಐವರಲ್ಲಿ ಒಬ್ಬರೂ ದಾಟಲಿಲ್ಲ. ಅದೇ ಪತ್ರಿಕೆಯನ್ನು ಅದೇ ರೀತಿಯಲ್ಲಿ ಮತ್ತೆ ಮತ್ತೆ ಎದುರಿಗಿಟ್ಟರೆ ಬೇರೆ ಫಲಿತಾಂಶ ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಬೇಡ. ಪರೀಕ್ಷೆಯಲ್ಲಿ ಗೆದ್ದರೂ ಮುಂದೆ ಉನ್ನತ ಗಣಿತ ಬೇಡವೆನ್ನುವವರಿಗೆ 2014ರಿಂದ ‘ಕೋರ್ ಮ್ಯಾಥ್ಸ್’ ಎಂಬ ಬೇರೆ ಓದನ್ನು ತೆರೆದದ್ದು ಹೆಚ್ಚು ಜಾಣತನದ ಹೆಜ್ಜೆ. ಸಾಲ, ತೆರಿಗೆ, ಅಂದಾಜು, ಅಂಕಿಅಂಶಗಳ ವಿಮರ್ಶೆ ಅದರ ಹೂರಣ. ಸ್ಕಾಟ್ಲೆಂಡಿನಲ್ಲಿ ‘ಅಪ್ಲಿಕೇಶನ್ಸ್ ಆಫ್ ಮ್ಯಾಥಮ್ಯಾಟಿಕ್ಸ್’ ಎಂಬುದೂ ಇದೇ ಬಗೆಯದು.

ವೇಲ್ಸ್‌ನ ಕಥೆ ಚಿಕ್ಕದು, ಆದರೆ ನೆನಪಿಡತಕ್ಕದ್ದು. ಅಲ್ಲಿ 2015ರಿಂದ ಗಣಿತವನ್ನು ಎರಡು ಪ್ರಮಾಣಪತ್ರಗಳಾಗಿ ಒಡೆದರು. ಒಂದು ‘ಗಣಿತ’, ಇನ್ನೊಂದು ‘ಗಣಿತ–ಸಂಖ್ಯಾಜ್ಞಾನ’. ಬಹುಪಾಲು ಮಕ್ಕಳು ಎರಡನ್ನೂ ಬರೆಯುತ್ತಿದ್ದರು. 2025ರ ಸೆಪ್ಟೆಂಬರಿನಿಂದ ಎರಡನ್ನೂ ಮತ್ತೆ ಕೂಡಿಸಿ, ‘ಗಣಿತ ಮತ್ತು ಸಂಖ್ಯಾಜ್ಞಾನ’ ಎಂಬ ಎರಡು ಜಿಸಿಎಸ್‌ಇಗೆ ಸಮನಾದ ಒಂದೇ ಓದನ್ನು ಶುರುಮಾಡಿದ್ದಾರೆ. ಒಡೆದದ್ದನ್ನು ಹತ್ತೇ ವರ್ಷದಲ್ಲಿ ಕೂಡಿಸಿದ ಈ ಅನುಭವ, ಎರಡು ಗಣಿತಗಳ ನಡುವೆ ಗೆರೆ ಎಳೆಯಲು ಹೊರಟ ಯಾರೇ ಆದರೂ ಓದಿಕೊಳ್ಳಬೇಕಾದ್ದು.

ಭಾರತ

ಸ್ವಾತಂತ್ರ್ಯ ಬಂದ ಮೊದಲ ದಶಕಗಳಲ್ಲಿ ಹತ್ತನೆಯ ತರಗತಿಯವರೆಗೆ ಎಲ್ಲರಿಗೂ ಒಂದೇ ಗಣಿತ ಕಡ್ಡಾಯ ಎಂಬ ನಿಯಮ ದೇಶದಾದ್ಯಂತ ಇರಲಿಲ್ಲ. 1964–66ರ ಕೊಠಾರಿ ಆಯೋಗ ಮೊದಲ ಹತ್ತು ವರ್ಷಗಳ ಸಾಮಾನ್ಯ ಶಿಕ್ಷಣದಲ್ಲಿ ವಿಜ್ಞಾನ ಮತ್ತು ಗಣಿತ ಪ್ರತಿ ಮಗುವಿಗೂ ಇರಬೇಕೆಂದಿತು. ಹೆಣ್ಣುಮಕ್ಕಳಿಗೂ ಬಡವರ ಮಕ್ಕಳಿಗೂ ಗಣಿತದ ಬಾಗಿಲು ಒಂದೇ ಆದದ್ದು ಇದರಿಂದಲೇ; ಆ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಬಾಗಿಲು ತೆರೆದವರು ಒಳಗಿನ ಪಾಠವನ್ನು ಎಲ್ಲರಿಗೂ ಹೊಂದುವಂತೆ ತಿದ್ದಲಿಲ್ಲ. ಎಂಜಿನಿಯರಿಂಗ್ ಪ್ರವೇಶದ ಕಡೆಗೆ ಮುಖಮಾಡಿದ ಪಠ್ಯವೇ ಎಲ್ಲರ ಪಾಲಿಗೂ ಬಂತು.

ಈ ದೋಷವನ್ನು ಬಿಡಿಬಿಡಿಯಾಗಿ ಬರೆದಿಟ್ಟದ್ದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಆರ್. ರಾಮಾನುಜಂ ಅವರ ಅಧ್ಯಕ್ಷತೆಯಲ್ಲಿ ಸಿದ್ಧವಾದ ಗಣಿತ ಬೋಧನೆಯ ನಿಲುವುಪತ್ರ. ಬಹುಸಂಖ್ಯೆಯ ಮಕ್ಕಳಲ್ಲಿ ಭಯ ಮತ್ತು ಸೋಲಿನ ಭಾವನೆ, ಸೋಲುವವರನ್ನೂ ಜಾಣರನ್ನೂ ಒಟ್ಟಿಗೇ ನಿರಾಶೆಗೊಳಿಸುವ ಪಠ್ಯ, ಒರಟಾದ ಮೌಲ್ಯಮಾಪನ, ಶಿಕ್ಷಕರಿಗೆ ಸಾಲದ ಸಿದ್ಧತೆ ಈ ನಾಲ್ಕನ್ನು ಅದು ಮೂಲ ಸಮಸ್ಯೆಗಳೆಂದು ಗುರುತಿಸಿತು. ಸೂತ್ರ, ಲೆಕ್ಕ ಮಾಡುವ ವಿಧಾನಗಳಷ್ಟೇ ಗುರಿಯಾಗಬಾರದು, ಮಗು ಗಣಿತದ ಕಣ್ಣಿನಿಂದ ಯೋಚಿಸುವಂತಾಗಬೇಕು ಎಂಬುದು ಪತ್ರದ ತಿರುಳು. ಮೇಲಕ್ಕೆ ಮೇಲಕ್ಕೆ ಏರುತ್ತ ಕಡ್ಡಿಯಂತೆ ಸಪೂರವಾದ ಗಣಿತವನ್ನು ತಗ್ಗಿಸಿ ಅಗಲಗೊಳಿಸಿ ಎಂದೂ ಅದು ಕೇಳಿತು. ಕಾಕ್‌ಕ್ರಾಫ್ಟ್ ವರದಿಯ ಪಕ್ಕದಲ್ಲಿ ನಿಲ್ಲಿಸಬಹುದಾದ ಬರವಣಿಗೆ ಇದು.

ಪರೀಕ್ಷೆಗಳ ಕಡೆಯಲ್ಲಿ ಮಾತ್ರ ಬದಲಾವಣೆ ಹಿಂದುಮುಂದಾಗುತ್ತ ನಡೆಯಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿಯವರೆಗೆ ಯಾರನ್ನೂ ನಪಾಸು ಮಾಡುವಂತಿಲ್ಲ ಎಂದಿತು. ಅದರ ಬದಲು ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬೇಕೆಂದಿತು. ಸಿಬಿಎಸ್‌ಇ ಹತ್ತನೆಯ ತರಗತಿಯ ಬೋರ್ಡ್ ಪರೀಕ್ಷೆಯನ್ನೇ ಐಚ್ಛಿಕ ಮಾಡಿ, 2018ರಲ್ಲಿ ಮತ್ತೆ ಕಡ್ಡಾಯ ಮಾಡಿತು. 2019ರ ತಿದ್ದುಪಡಿ ಐದು ಮತ್ತು ಎಂಟನೆಯ ತರಗತಿಗಳಲ್ಲಿ ಪರೀಕ್ಷೆ ನಡೆಸಲು ರಾಜ್ಯಗಳಿಗೆ ಅವಕಾಶ ಕೊಟ್ಟಿತು. ನಿರಂತರ ಮೌಲ್ಯಮಾಪನದ ಉದ್ದೇಶ ಮಗು ಎಲ್ಲಿ ತಡವರಿಸುತ್ತಿದೆ ಎಂದು ಅದೇ ವಾರ ತಿಳಿದುಕೊಳ್ಳುವುದು. ಅದು ನಡೆದದ್ದು ಕಡಿಮೆ ಕಡೆ. ಮಿಕ್ಕ ಕಡೆ ಶಿಕ್ಷಕರ ಮೇಜಿನ ಮೇಲೆ ತುಂಬಬೇಕಾದ ನಮೂನೆಗಳ ರಾಶಿ ಬೆಳೆಯಿತು.

ಸಿಬಿಎಸ್‌ಇ 2020ರ ಬೋರ್ಡ್ ಪರೀಕ್ಷೆಯಿಂದ ಹತ್ತನೆಯ ತರಗತಿಯ ಗಣಿತಕ್ಕೆ ‘ಸ್ಟ್ಯಾಂಡರ್ಡ್’ ಮತ್ತು ‘ಬೇಸಿಕ್’ ಎಂಬ ಎರಡು ಮಟ್ಟಗಳನ್ನು ತಂದಿತು. ಪಠ್ಯ ಒಂದೇ, ತರಗತಿ ಒಂದೇ, 20 ಅಂಕದ ಆಂತರಿಕ ಮೌಲ್ಯಮಾಪನವೂ ಒಂದೇ. 80 ಅಂಕದ ಲಿಖಿತ ಪತ್ರಿಕೆ ಮಾತ್ರ ಬೇರೆ. ಬೇಸಿಕ್ ಬರೆದ ಮಗು ಮನಸ್ಸು ಬದಲಿಸಿ ಮುಂದೆ ಗಣಿತ ಓದಬೇಕೆಂದರೆ ಪೂರಕ ಪರೀಕ್ಷೆಯಲ್ಲಿ ಸ್ಟ್ಯಾಂಡರ್ಡ್ ಬರೆಯಬಹುದು. ಹನ್ನೊಂದನೆಯ ತರಗತಿಯಲ್ಲಿ ‘ಅಪ್ಲೈಡ್ ಮ್ಯಾಥಮ್ಯಾಟಿಕ್ಸ್’ ಎಂಬ ಆಯ್ಕೆಯೂ ಬಂತು. ಇಂಗ್ಲೆಂಡಿನ ಹಳೆಯ ಮೆಟ್ಟಿಲುಗಳಿಗೆ ಹೋಲಿಸಿದರೆ ಇದು ಹೆಚ್ಚು ಮಾನವೀಯ, ಯಾಕೆಂದರೆ ಬಾಗಿಲು ಮುಚ್ಚಿ ಬೀಗ ಹಾಕಿಲ್ಲ. ಕೊರತೆಯೆಂದರೆ ಬೇಸಿಕ್ ಪತ್ರಿಕೆ ಬೇರೆ ಗಣಿತವನ್ನು ಕೇಳುವುದಿಲ್ಲ, ಅದೇ ಗಣಿತವನ್ನು ತುಸು ಸುಲಭವಾಗಿ ಕೇಳುತ್ತದೆ. ಬಹುಪದೋಕ್ತಿಯ ಸುಲಭ ಲೆಕ್ಕ ಬಂದವನಿಗೆ ಗೃಹಸಾಲದ ಕಂತಿನ ಲೆಕ್ಕ ಬರುತ್ತದೆಂದು ಹೇಳುವಂತಿಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಗಣಿತದಿಂದ ಶುರುಮಾಡಿ ವಿಷಯಗಳನ್ನು ಎರಡು ಮಟ್ಟದಲ್ಲಿ ಕೊಡಬಹುದೆಂದಿದೆ. ಸಿಬಿಎಸ್‌ಇ 9 ಮತ್ತು 10ನೆಯ ತರಗತಿಗಳ ಪತ್ರಿಕೆಗಳಲ್ಲಿ ಅರ್ಧದಷ್ಟು ಅಂಕವನ್ನು ಸಾಮರ್ಥ್ಯ ಅಳೆಯುವ ಪ್ರಶ್ನೆಗಳಿಗೆ ಮೀಸಲಿಟ್ಟದ್ದು, ಗಣಿತದಲ್ಲಿ ಸನ್ನಿವೇಶ ಕೊಟ್ಟು ಕೇಳುವ ಪ್ರಶ್ನೆಗಳನ್ನು ತಂದದ್ದು ಈ ದಾರಿಯ ಒಳ್ಳೆಯ ಹೆಜ್ಜೆಗಳು.

ಕರ್ನಾಟಕದ ಎಸ್‌ಎಸ್‌ಎಲ್‌ಸಿ

ಕರ್ನಾಟಕದಲ್ಲಿ ಗಣಿತದ ಪರೀಕ್ಷೆ ಎಂದರೆ ಜನರ ಮನಸ್ಸಿಗೆ ಬರುವುದು ಎಸ್‌ಎಸ್‌ಎಲ್‌ಸಿ. ಗಣಿತಕ್ಕೆ 80 ಅಂಕದ ಲಿಖಿತ ಪತ್ರಿಕೆ, 20 ಅಂಕದ ಆಂತರಿಕ ಮೌಲ್ಯಮಾಪನ. ಪಠ್ಯ ಎನ್‌ಸಿಇಆರ್‌ಟಿಯದು, ಅದರ ಕನ್ನಡ ರೂಪವನ್ನು ರಾಜ್ಯ ಅಳವಡಿಸಿಕೊಂಡಿದೆ. ಪ್ರಶ್ನೆಪತ್ರಿಕೆ ಮೊದಲೇ ಪ್ರಕಟವಾದ ನೀಲನಕ್ಷೆಯನ್ನು ಅನುಸರಿಸುತ್ತದೆ. ಯಾವ ಅಧ್ಯಾಯಕ್ಕೆ ಎಷ್ಟು ಅಂಕ, ಎಷ್ಟು ಅಂಕದ ಪ್ರಶ್ನೆ ಎಷ್ಟು ಎಂಬುದು ಶಿಕ್ಷಕರಿಗೂ ಮಕ್ಕಳಿಗೂ ಬಾಯಿಪಾಠ.

ಈ ನೀಲನಕ್ಷೆಯ ನೆರಳಿನಲ್ಲಿ ಹುಟ್ಟಿಕೊಂಡದ್ದು ‘ಪಾಸಿಂಗ್ ಪ್ಯಾಕೇಜ್’. ಫೆಬ್ರುವರಿ ಬಂತೆಂದರೆ ಸರ್ಕಾರಿ ಪ್ರೌಢಶಾಲೆಗಳ ಗಣಿತ ಶಿಕ್ಷಕರ ಕೈಯಲ್ಲಿ ಈ ಹೆಸರಿನ ಹಾಳೆಗಳು ಓಡಾಡುತ್ತವೆ. ಹಿಂದುಳಿದ ಮಗುವೂ ಪಾಸಿನ ಅಂಕ ತಲುಪಲು ಸಾಕಾಗುವಷ್ಟು ಪ್ರಶ್ನೆಗಳ ಆಯ್ಕೆ ಅದು. ಎರಡು ರೇಖಾತ್ಮಕ ಸಮೀಕರಣಗಳ ನಕ್ಷೆ, ಥೇಲ್ಸನ ಪ್ರಮೇಯ ಇಂಥವು; ಹಿಂದಿನ ಪಠ್ಯವಿದ್ದಾಗ ವೃತ್ತಕ್ಕೆ ಹೊರಗಿನ ಬಿಂದುವಿನಿಂದ ಸ್ಪರ್ಶಕ ಎಳೆಯುವ ರಚನೆ, ಓಜೀವ್ ನಕ್ಷೆಗಳೂ ಇದ್ದವು. ಇವನ್ನು ದಿನಕ್ಕೆ ಹತ್ತು ಸಲ ಬರೆಸುತ್ತಾರೆ. ಪ್ರಮೇಯಕ್ಕೆ ದತ್ತ, ಸಾಧನೀಯ, ರಚನೆ, ಸಾಧನೆ ಎಂಬ ಒಂದೊಂದು ಹಂತಕ್ಕೂ ಅಂಕ ಹಂಚಿಕೆಯಾಗಿರುವುದರಿಂದ ಸಾಧನೆ ಬಾರದಿದ್ದರೂ ಚಿತ್ರ, ದತ್ತ, ಸಾಧನೀಯ ಬರೆದು ಬಾ ಎಂಬುದು ಗಟ್ಟಿ ಉಪದೇಶ.

ಹಿಂದಿನ ಪಠ್ಯದ ಆ ಓಜೀವನ್ನೇ ತೆಗೆದುಕೊಳ್ಳಿ. ಮಗು ಕೋಷ್ಟಕದ ಆವೃತ್ತಿಗಳನ್ನು ಒಂದರ ಮೇಲೊಂದು ಕೂಡಿಸುತ್ತ ಹೋಗುತ್ತಿತ್ತು, x ಅಕ್ಷದ ಮೇಲೆ ಮೇಲ್ಮಿತಿಗಳನ್ನು ಗುರುತಿಸುತ್ತಿತ್ತು, ಚುಕ್ಕಿಗಳನ್ನು ಬರಿಗೈಯ ವಕ್ರರೇಖೆಯಲ್ಲಿ ಕೂಡಿಸುತ್ತಿತ್ತು, ಪೂರ್ಣಾಂಕ ಪಡೆಯುತ್ತಿತ್ತು. ನಕ್ಷೆ ಹಾಕಿ ಮುಗಿಸಿದ ಆ ಮಗುವನ್ನು, ‘ಈ ಊರಲ್ಲಿ ಅರ್ಧದಷ್ಟು ಮನೆಯವರ ದಿನಗೂಲಿ ಎಷ್ಟಕ್ಕಿಂತ ಕಡಿಮೆ?’ ಎಂದು ಅದೇ ನಕ್ಷೆ ತೋರಿಸಿ ಕೇಳಿ ನೋಡಬೇಕಿತ್ತು. ಉತ್ತರ ಅದರ ಕೈಯಡಿಯಲ್ಲೇ ಇತ್ತು. ಲಂಬ ಅಕ್ಷದಲ್ಲಿ ಅರ್ಧದಿಂದ ಒಂದು ಅಡ್ಡಗೆರೆ ಎಳೆದು ಕೆಳಗಿಳಿಸಿದರೆ ಸಾಕಿತ್ತು. ಪತ್ರಿಕೆ ಆ ಪ್ರಶ್ನೆ ಕೇಳುತ್ತಿರಲಿಲ್ಲವಾದ್ದರಿಂದ ತರಗತಿಯೂ ಕೇಳುತ್ತಿರಲಿಲ್ಲ. ಇಲ್ಲಿ ಶಿಕ್ಷಕರನ್ನು ದೂರುವುದು ತಪ್ಪು. ಆರು, ಏಳನೆಯ ತರಗತಿಯ ಲೆಕ್ಕವೇ ಬಾರದೆ ಹತ್ತಕ್ಕೆ ಬಂದ ಮಗುವನ್ನು ಮೂರು ತಿಂಗಳಲ್ಲಿ ದಡ ಸೇರಿಸಬೇಕಾದವರು, ಶಾಲೆಯ ಶೇಕಡಾ ಫಲಿತಾಂಶಕ್ಕೆ ಉತ್ತರ ಕೊಡಬೇಕಾದವರು ಅವರು. ಅಂಥ ಶಿಕ್ಷಕರು ರಾತ್ರಿ ಶಾಲೆ ನಡೆಸಿ ಮಕ್ಕಳಿಗೆ ಬರೆಸುವುದು ಪ್ರೀತಿಯಿಂದಲೇ.

ಈಚಿನ ವರ್ಷಗಳ ಬದಲಾವಣೆಗಳು ಬಹುತೇಕ ಪಾಸಿನ ನಿಯಮಕ್ಕೆ ಸಂಬಂಧಿಸಿದವು. 2022ರಲ್ಲಿ ಎಸ್‌ಎಸ್‌ಎಲ್‌ಸಿ ಮತ್ತು ಪಿಯು ಪರೀಕ್ಷೆಗಳು ಕರ್ನಾಟಕ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ ಎಂಬ ಒಂದೇ ಸಂಸ್ಥೆಯಡಿ ಬಂದವು. 2023–24ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಬಂತು. ಮೂರರಲ್ಲಿ ಉತ್ತಮವಾದ ಅಂಕವನ್ನು ಮಗು ಉಳಿಸಿಕೊಳ್ಳುವಂತಾಯಿತು. ಫೇಲಾದವರು ಎಂಬ ಹಣೆಪಟ್ಟಿ ಹೊತ್ತು ವರ್ಷ ಕಳೆಯುವ ಕಷ್ಟ ಇದರಿಂದ ತಪ್ಪಿತು. ಇದನ್ನು ಮನಸಾರೆ ಸ್ವಾಗತಿಸಬೇಕು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ಹಿಂದಿನ ವರ್ಷ 83.89 ಇದ್ದ ಶೇಕಡಾ ಫಲಿತಾಂಶ 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಹತ್ತರಿಂದ ಇಪ್ಪತ್ತಕ್ಕೆ ಏರಿಸಿದ ಮೇಲೆ. ಹಿಂದಿನ ಅಂಕಪಟ್ಟಿಗಳಲ್ಲಿ ಎಷ್ಟು ಕಲಿಕೆ ಇತ್ತು, ಎಷ್ಟು ಪಕ್ಕದವನ ಉತ್ತರ ಇತ್ತು ಎಂದು ಈ ಎರಡು ಅಂಕಿಗಳು ಪ್ರಶ್ನೆ ಎಬ್ಬಿಸುತ್ತವೆ. 2025ರ ಅಕ್ಟೋಬರಿನಲ್ಲಿ ಉತ್ತೀರ್ಣದ ಮಿತಿಯನ್ನು ಶೇ. 35ರಿಂದ 33ಕ್ಕೆ ಇಳಿಸಿದರು. ಒಟ್ಟು 625ಕ್ಕೆ 206, ಒಂದೊಂದು ವಿಷಯದಲ್ಲೂ ಕನಿಷ್ಠ ಶೇ. 30. ಐದು, ಎಂಟು, ಒಂಬತ್ತನೆಯ ತರಗತಿಗಳಿಗೂ ಮಂಡಳಿಯ ಪರೀಕ್ಷೆ ಇಡಲು ನಡೆದ ಯತ್ನ ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡಿತು.

ಮಿತಿ, ಬಾರಿ, ಕೃಪಾಂಕ, ಕ್ಯಾಮೆರಾ ಇವೆಲ್ಲ ಪರೀಕ್ಷೆಯ ಹೊರಗೋಡೆ. ಒಳಗಿನ ಪ್ರಶ್ನೆಗಳನ್ನು ಅವು ಮುಟ್ಟಿಲ್ಲ. ಕರ್ನಾಟಕಕ್ಕೆ ತನ್ನದೇ ಆದ ಒಂದು ಒಳ್ಳೆಯ ಮಾದರಿ ಪಿಯುಸಿ ವಾಣಿಜ್ಯ ವಿಭಾಗದಲ್ಲಿದೆ. ಅಲ್ಲಿಯ ‘ಬೇಸಿಕ್ ಮ್ಯಾಥ್ಸ್’ ಷೇರು, ಹುಂಡಿ, ಅನುಪಾತ, ತೆರಿಗೆಯ ಲೆಕ್ಕಗಳನ್ನು ಬೀಜಗಣಿತದ ಜೊತೆಗೆ ಹೆಣೆದ ಪಠ್ಯ. ಕಲನಶಾಸ್ತ್ರದ ಪರಿಚಯವನ್ನೂ ಅದು ಬಿಡುವುದಿಲ್ಲ. ವ್ಯವಹಾರದ ಗಣಿತ ಎಂದರೆ ಕೀಳುಮಟ್ಟದ್ದು ಎಂದಾಗಬೇಕಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಹತ್ತನೆಯ ತರಗತಿಗೆ ಅಂಥದೊಂದನ್ನು ಹೆಣೆಯಲು ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಭಾಷೆಯ ತೊಡಕು

ಕನ್ನಡ ಮಾಧ್ಯಮದ ಪತ್ರಿಕೆಯಲ್ಲಿ ಗಣಿತದ ಜೊತೆಗೆ ಪರಿಭಾಷೆಯ ಪರೀಕ್ಷೆಯೂ ನಡೆದುಹೋಗುತ್ತದೆ. ಅಪವರ್ತನ, ಅಪವರ್ತ್ಯ ಎಂಬ ಎರಡು ಪದಗಳನ್ನು ನೋಡಿ. 12ನ್ನು ಭಾಗಿಸುವ 3 ಅದರ ಅಪವರ್ತನ. 12ರಿಂದ ಭಾಗವಾಗುವ 36 ಅದರ ಅಪವರ್ತ್ಯ. ಒಂದೇ ಕಾಗುಣಿತದಷ್ಟು ಅಂತರದಲ್ಲಿ ತದ್ವಿರುದ್ಧ ಅರ್ಥ. ಲೆಕ್ಕ ಬಲ್ಲ ಮಗುವೂ ಇಲ್ಲಿ ಅಂಕ ಕಳೆದುಕೊಳ್ಳುತ್ತದೆ. ‘ಇಷ್ಟು ಸಲ ಮಡಿಸಿದ್ದು’, ‘ಪೂರ್ತಿ ಭಾಗಿಸುವ ಸಂಖ್ಯೆ’ ಎಂಬಂಥ ತಿಳಿಗನ್ನಡವನ್ನು ಪ್ರಶ್ನೆಯಲ್ಲಿ ಪರಿಭಾಷೆಯ ಪಕ್ಕದಲ್ಲೇ ಇಡಬಾರದು ಎಂದು ಯಾವ ನಿಯಮವೂ ಹೇಳುವುದಿಲ್ಲ.

ಬುನಾದಿ

ಹತ್ತನೆಯ ತರಗತಿಯ ಸೋಲು ಅಲ್ಲಿ ಹುಟ್ಟುವುದಿಲ್ಲ. ಪ್ರಥಮ್ ಸಂಸ್ಥೆ 2005ರಿಂದ ಮನೆಮನೆಗೆ ಹೋಗಿ ನಡೆಸುವ ‘ಅಸರ್’ ಸಮೀಕ್ಷೆಯ 2024ರ ವರದಿಯಂತೆ ದೇಶದ ಗ್ರಾಮೀಣ ಭಾಗದ ಐದನೆಯ ತರಗತಿ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 30.7, ಎಂಟನೆಯ ತರಗತಿಯಲ್ಲೂ 45.8. ಎನ್‌ಸಿಇಆರ್‌ಟಿಯ ‘ಪರಖ್’ ಘಟಕ 2024ರ ಡಿಸೆಂಬರಿನಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಗಣಿತದ ಸರಾಸರಿ ಮೂರನೆಯ ತರಗತಿಯಲ್ಲಿ ನೂರಕ್ಕೆ 60, ಆರರಲ್ಲಿ 46, ಒಂಬತ್ತರಲ್ಲಿ 37. ಮೇಲೆ ಹೋದಂತೆ ಇಳಿಯುವ ಈ ಮೆಟ್ಟಿಲುಗಳೇ ಎಲ್ಲ ಹೇಳುತ್ತವೆ.

ಅಸರ್ 2023ರಲ್ಲಿ 14ರಿಂದ 18 ವಯಸ್ಸಿನವರಿಗೆ ಕೊಟ್ಟ ಒಂದು ಕೆಲಸ ಇಲ್ಲಿ ಉಲ್ಲೇಖಾರ್ಹ. ಸ್ಕೇಲಿನ ಸೊನ್ನೆಗೆ ಒಂದು ವಸ್ತುವಿನ ತುದಿಯಿಟ್ಟು ಉದ್ದ ಕೇಳಿದಾಗ ಸುಮಾರು ಶೇ. 85 ಜನ ಸರಿ ಹೇಳಿದರು. ತುದಿಯನ್ನು ಸೊನ್ನೆಯಿಂದ ಸರಿಸಿ ಬೇರೆ ಗುರುತಿಗಿಟ್ಟಾಗ ಸರಿ ಹೇಳಿದವರು 39. ಎಡದ ಗುರುತು 2, ಬಲದ ಗುರುತು 8 ಇದ್ದರೆ ಉದ್ದ 8 ಎಂದುಬಿಡುತ್ತಾರೆ. ಅವರಿಗೆ ಕಳೆಯುವ ಲೆಕ್ಕ ಬಾರದೆಂದಲ್ಲ. ಉದ್ದ ಎಂದರೆ ಎರಡು ಗುರುತುಗಳ ನಡುವಿನ ಅಂತರ ಎಂದು ಯಾವ ಪರೀಕ್ಷೆಯೂ ಅವರನ್ನು ಕೇಳಿರಲಿಲ್ಲ.

ಬುನಾದಿ ಕಟ್ಟಲು ಕರ್ನಾಟಕ ಒಳ್ಳೆಯ ಕೆಲಸಗಳನ್ನೂ ಮಾಡಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದ ‘ನಲಿ-ಕಲಿ’ಯಲ್ಲಿ ಮಗು ಕಾರ್ಡುಗಳ ಮೂಲಕ ತನ್ನ ವೇಗದಲ್ಲಿ ಮೆಟ್ಟಿಲೇರುತ್ತದೆ, ಮೌಲ್ಯಮಾಪನ ಕಲಿಕೆಯೊಳಗೇ ಬೆರೆತಿರುತ್ತದೆ. ಅಕ್ಷರ ಫೌಂಡೇಶನ್ 2015ರಿಂದ ಸರ್ಕಾರದ ಜೊತೆಗೂಡಿ ನಡೆಸಿದ ‘ಗಣಿತ ಕಲಿಕಾ ಆಂದೋಲನ’ ನಾಲ್ಕು–ಐದನೆಯ ತರಗತಿಗಳಿಗೆ ಕೈಯಲ್ಲಿ ಹಿಡಿದು ಕಲಿಯುವ ಸಾಮಗ್ರಿಗಳ ಪೆಟ್ಟಿಗೆ ಕೊಟ್ಟಿತು. ಅದರ ಜೊತೆಗಿನ ಗ್ರಾಮ ಪಂಚಾಯತಿ ಮಟ್ಟದ ಗಣಿತ ಸ್ಪರ್ಧೆಗಳು ಮಕ್ಕಳ ಅಂಕವನ್ನು ತಂದೆತಾಯಿಯ ಎದುರೇ, ಊರಿನ ಎದುರೇ ಇಡುತ್ತವೆ. ಕೇಂದ್ರದ ‘ನಿಪುಣ್ ಭಾರತ್’ 2026–27ರೊಳಗೆ ಮೂರನೆಯ ತರಗತಿಯ ಎಲ್ಲ ಮಕ್ಕಳಿಗೂ ಬುನಾದಿ ಲೆಕ್ಕ ಬರಬೇಕೆಂಬ ಗುರಿ ಇಟ್ಟುಕೊಂಡಿದೆ.

ಮುಂದಿನ ದಾರಿ

ಹತ್ತನೆಯ ತರಗತಿಯಲ್ಲೇ ಮಕ್ಕಳನ್ನು ಎರಡು ಸಾಲಾಗಿ ನಿಲ್ಲಿಸುವುದು ಸುಲಭದ ದಾರಿ. ಇಂಗ್ಲೆಂಡಿನ ಮೆಟ್ಟಿಲುಗಳು ಬಡವರ ಮಕ್ಕಳಿಗೆ ಮಾಡಿದ್ದನ್ನು ನೆನೆದರೆ ಅದಕ್ಕೆ ಅವಸರ ಪಡಬಾರದು. ಸಾಲು ಒಂದೇ ಇರಲಿ, ಪತ್ರಿಕೆ ಬದಲಾಗಲಿ. 80 ಅಂಕಗಳಲ್ಲಿ ಒಂದು ಪಾಲು ಬೀದಿಯ ಲೆಕ್ಕಕ್ಕೂ ಶಾಸ್ತ್ರಕ್ಕೂ ಸೇತುವೆಯಾಗುವ ಪ್ರಶ್ನೆಗಳಿಗೆ ಮೀಸಲಾಗಬೇಕು. ಸಾವಿರ ರೂಪಾಯಿಯ ಸೀರೆಗೆ ಇಪ್ಪತ್ತು ಪರ್ಸೆಂಟ್ ಬೆಲೆ ಏರಿಸಿ ಅಷ್ಟೇ ಪರ್ಸೆಂಟ್ ರಿಯಾಯಿತಿ ಕೊಟ್ಟರೆ 960 ಆಗುವುದು ಯಾಕೆ ಎಂದು ಕೇಳಬೇಕು; ಅದೇ ಪ್ರಶ್ನೆಯ ಮುಂದಿನ ಭಾಗದಲ್ಲಿ, ಯಾವುದೇ ಬೆಲೆಗೂ ಯಾವುದೇ ಪರ್ಸೆಂಟಿಗೂ ಹೀಗೇ ಇಳಿಯುತ್ತದೆ ಎಂದು ಅಕ್ಷರಗಳನ್ನು ಬಳಸಿ ಸಾಧಿಸು ಎನ್ನಬೇಕು. ಅಲ್ಲಿ ವ್ಯವಹಾರವೂ ಇದೆ, ಬೀಜಗಣಿತವೂ ಇದೆ; ಮೊದಲ ಭಾಗ ಎಲ್ಲರ ಕೈಗೂ ಎಟುಕುತ್ತದೆ, ಎರಡನೆಯದು ಮುಂದೆ ಓದುವವರನ್ನು ಬೇರೆಯಾಗಿ ತೋರಿಸುತ್ತದೆ. ಇಂಥ ಪತ್ರಿಕೆ ತೆಗೆಯುವುದು ಕಷ್ಟ, ಮೌಲ್ಯಮಾಪನ ಇನ್ನೂ ಕಷ್ಟ. ಅದಕ್ಕೆ ಬೇಕಾದ ತರಬೇತಿ, ಸಮಯ, ಸಂಭಾವನೆಯನ್ನು ಪ್ರಶ್ನೆಪತ್ರಿಕೆ ತಯಾರಿಸುವ ಶಿಕ್ಷಕರಿಗೆ ಕೊಡುವುದು ಮಂಡಳಿಯ ಮೊದಲ ಖರ್ಚಾಗಬೇಕು.

ಪತ್ರಿಕೆಯ ಜೊತೆಗೆ ಪಠ್ಯವನ್ನೂ ನೋಡಬೇಕು: ಈಗಿರುವ ಹತ್ತನೆಯ ತರಗತಿಯ ಗಣಿತ ಪುಸ್ತಕದಲ್ಲಿ 14 ಅಧ್ಯಾಯಗಳಿವೆ. ತ್ರಿಕೋನಮಿತಿಗೆ ಎರಡು, ವೃತ್ತಕ್ಕೆ ಎರಡು. ಬಡ್ಡಿ, ಲಾಭ-ನಷ್ಟ, ತೆರಿಗೆಗಳಿಗೆಂದು ಒಂದೂ ಇಲ್ಲ.